ತೆಳ್ಳಗಿರುವವರ ಕೊಬ್ಬು

2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಅಚ್ಚಾಯಿತು. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ನೋಡುವುದಕ್ಕೂ ಇಬ್ಬರೂ ತೆಳ್ಳಗೇ. ಮೈಯ ಕೊಬ್ಬನ್ನು ಅಳೆದಾಗ ಮಾತ್ರ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕರಲ್ಲಿ ಶೇ 21.2!

ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಚಿಕ್ಕಪ್ಪ. ನಲವತ್ತು ದಾಟುವ ಮೊದಲೇ ಅವರಿಗೆ ಸಕ್ಕರೆ ಕಾಯಿಲೆ ಬಂದಾಗ ಅಜ್ಜಿ, “ಕಡ್ಡಿ ಥರ ಇದ್ದಾನಲ್ಲೋ, ಇವನಿಗೆಲ್ಲಿಂದ ಬಂತು?” ಎಂದು ಕೇಳುತ್ತಲೇ ಇದ್ದರು. ಅದೇ ಮನೆಯಲ್ಲಿ, ಮೈ ತುಂಬಿಕೊಂಡಿದ್ದ ಸೋದರತ್ತೆಯ ಮಗಳಿಗೆ ಮದುವೆ, ಮುಂಜಿ ಎಲ್ಲಿ ಹೋದರೂ “ಸ್ವಲ್ಪ ಬಾಯಿ ಕಟ್ಟಮ್ಮ” ಎಂಬ ಬುದ್ಧಿಮಾತು. ಚಿಕ್ಕಪ್ಪನ ಎಲೆಗೆ ಇನ್ನೊಂದು ಹೋಳಿಗೆ. ಕಣ್ಣಳತೆಯಲ್ಲಿ ಆರೋಗ್ಯ ತೂಗುವ ನಮ್ಮ ಅಭ್ಯಾಸ ಅವಳನ್ನು ನೋಯಿಸಿತು, ಅವರನ್ನು ಎಚ್ಚರಿಸಲಿಲ್ಲ.

ತೆಳ್ಳಗೆ ಕಾಣುವವರ ಮೈಗೆ ಈ ಕೊಬ್ಬು ಬಂದದ್ದೆಲ್ಲಿಂದ? ಹೋಳಿಗೆಯಿಂದ ಎನ್ನುವುದು ಅರ್ಧ ಉತ್ತರ. ಪುಣೆಯ ಸುತ್ತಲ ಹಳ್ಳಿಗಳ ಕೂಸುಗಳನ್ನು ಯಾಜ್ಞಿಕರ ತಂಡ ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳ ಜೊತೆ ಹೋಲಿಸಿತು. ನಮ್ಮವುಗಳ ಸರಾಸರಿ ಹುಟ್ಟುತೂಕ ಸುಮಾರು 2.7 ಕೆಜಿ, ಅಲ್ಲಿನವುಗಳದು 3.5. ಸ್ನಾಯು, ಒಳ ಅಂಗಗಳು ಎಲ್ಲವೂ ಕಿರಿದು. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ತಗ್ಗಿರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳಲ್ಲೂ ಸಂಶೋಧಕರು ಇದನ್ನೇ ಕಂಡರು. ಅದೇ ಆಸ್ಪತ್ರೆಯಲ್ಲಿ 1934ರಿಂದೀಚೆಗೆ ಹುಟ್ಟಿದವರ ತೂಕದ ದಾಖಲೆ ಹಿಡಿದು, ವಯಸ್ಸಾದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯರೋಗ ಹೆಚ್ಚೆಂದು ಕಂಡುಬಂತು. ಆ ದಾಖಲೆ ತುಂಬಿಸಿದ ದಾದಿಯರಿಗೆ ತಾವು ಎಂಥ ಆಸ್ತಿ ಕೂಡಿಡುತ್ತಿದ್ದೇವೆಂದು ತಿಳಿದಿರಲಿಕ್ಕಿಲ್ಲ.

ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲು ಸೇರುವುದು ಸ್ನಾಯುವಿಗೆ. ಕಣಜವೇ ಚಿಕ್ಕದಾದರೆ ಸುಗ್ಗಿಯ ಕಾಳು ಅಂಗಳದಲ್ಲೇ ಉಳಿಯುತ್ತದೆ. ಹಾಗೆ ಉಳಿದದ್ದು ಹೊಟ್ಟೆಯೊಳಗೆ, ಯಕೃತ್ತಿನಲ್ಲಿ ಕೊಬ್ಬಾಗಿ ಕೂರುತ್ತದೆ. ಅಜ್ಜಿಯ ಪ್ರಶ್ನೆಗೆ ಉತ್ತರ ಅಜ್ಜಿಯ ತಟ್ಟೆಯಲ್ಲೇ ಇತ್ತೇನೋ. ಬಸಿರಲ್ಲೂ ಬಾಣಂತನದಲ್ಲೂ ಎಲ್ಲರದಾದ ಮೇಲೆ ತಳದ ಸಾರು ಕಲಸಿಕೊಂಡು ಉಂಡವರು ಅವರು. ತಪ್ಪು ಅವರದಲ್ಲ, ಅವರನ್ನು ಕೊನೆಗೆ ಕೂರಿಸಿದ ಪದ್ಧತಿಯದು.

ಭಾರತೀಯರಿಗೆ ಬೊಜ್ಜಿನ ಗೆರೆಯನ್ನು ಬಿಎಂಐ 30ರ ಬದಲು 25ಕ್ಕೆ ಇಳಿಸಿದ್ದು, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು ಎನ್ನುವುದು ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚಿರುವ ಕಾರಣಕ್ಕೆ. ಹಾಗೆಂದು ಅರೆಹೊಟ್ಟೆ ಉಂಡು ಸರ್ರನೆ ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತೂಕದ ಯಂತ್ರ ಎರಡನ್ನೂ ಒಂದೇ ಎಂದು ತೋರಿಸುತ್ತದೆ. ಕೊಬ್ಬು ಕರಗಿದಂತೆ ಲೆಪ್ಟಿನ್ ಎಂಬ ಹಾರ್ಮೋನು ತಗ್ಗಿ, ಮಿದುಳು ಹಸಿವನ್ನು ಹೆಚ್ಚಿಸುತ್ತದೆ. ಅತ್ತೆಯ ಮಗಳು ಇಳಿಸಿದ್ದ ತೂಕ ಮತ್ತೆ ಏರಿದಾಗ “ಛಲ ಇಲ್ಲ” ಎಂದವರಿಗೆ ಇದು ಗೊತ್ತಿರಬೇಕಿತ್ತು.

ಹಾಗಾದರೆ ಎಲ್ಲ ಹಣೆಬರಹವೇ? ಅಲ್ಲ. ಚಿಕ್ಕಪ್ಪ ಈಗ ದಿನಾ ನಡೆಯುತ್ತಾರೆ, ಭಾರ ಎತ್ತುತ್ತಾರೆ, ಅನ್ನ ತಗ್ಗಿಸಿ ಹುರುಳಿ, ಹೆಸರುಕಾಳು ಹೆಚ್ಚಿಸಿದ್ದಾರೆ. ತೂಕ ಹೆಚ್ಚೇನೂ ಬದಲಾಗಿಲ್ಲ. ಸೊಂಟ ಇಳಿದಿದೆ, ಸಕ್ಕರೆ ಹತೋಟಿಗೆ ಬಂದಿದೆ.

ನನ್ನನ್ನು ಕಾಡುವುದು ಅದಕ್ಕೂ ಹಿಂದಿನ, ಹುಟ್ಟುವ ಮೊದಲಿನ ಮಾತು. ಮುಂಬೈಯ ಕೊಳೆಗೇರಿಗಳಲ್ಲಿ ಸಂಶೋಧಕರು ಹೆಂಗಸರಿಗೆ ಬಸಿರಾಗುವ ಮೊದಲಿನಿಂದಲೇ ಸೊಪ್ಪು, ಹಣ್ಣು, ಹಾಲು ಸೇರಿದ ತಿಂಡಿ ಕೊಟ್ಟು ನೋಡಿದರು. ಮಕ್ಕಳ ತೂಕ ಒಟ್ಟಾರೆ ಅಷ್ಟೇನೂ ಏರಲಿಲ್ಲ, ಆದರೆ ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆ ಕಡಿಮೆಯಾಯಿತು. ನಮ್ಮ ಅಂಗನವಾಡಿಗಳಲ್ಲಿ 2017ರಿಂದ ‘ಮಾತೃಪೂರ್ಣ’ ಯೋಜನೆಯ ಬಿಸಿಯೂಟ ಗರ್ಭಿಣಿ, ಬಾಣಂತಿಯರಿಗೆ ಸಿಗುತ್ತಿದೆ. ಒಳ್ಳೆಯ ಕೆಲಸ. ಆ ಪಂಕ್ತಿಯಲ್ಲಿ ಇನ್ನೂ ಮದುವೆಯಾಗದ, ಪಿಯುಸಿ ಓದುವ ಹುಡುಗಿಗೂ ಒಂದು ತಟ್ಟೆ ಇಡಬೇಕು ಎಂಬುದು ನನ್ನ ಬೇಡಿಕೆ.