ಮರಕ್ಕೊರಗಿದ ಕೋವಿ

2014ರ ನವೆಂಬರ್. ಅಮೆರಿಕದ ನೆವಾಡ ರಾಜ್ಯದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ ಹಳೆಯ ಕುರುಹು ಹುಡುಕುತ್ತಿದ್ದವರಿಗೆ ಜುನಿಪರ್ ಮರಕ್ಕೆ ಒರಗಿದ ಕೋವಿಯೊಂದು ಕಣ್ಣಿಗೆ ಬಿತ್ತು. ನಳಿಗೆ ತುಕ್ಕು ಹಿಡಿದಿತ್ತು. ಹಿಡಿಯ ಮರ ಬಿಸಿಲಿಗೆ ಬೂದಿಬಣ್ಣವಾಗಿ ಸೀಳುಬಿಟ್ಟು, ಬುಡ ನಾಲ್ಕೈದು ಅಂಗುಲ ಮಣ್ಣಲ್ಲಿ ಹೂತಿತ್ತು.

ಅದು ವಿಂಚೆಸ್ಟರ್ ಕಂಪನಿಯ 1873. ಲಿವರನ್ನು ಕೆಳಗೆ ತಳ್ಳಿ ಮೇಲೆಳೆದರೆ ಖಾಲಿ ತೋಟಾ ಹೊರಬಿದ್ದು ಹೊಸದು ಒಳಸೇರುವ ಬಗೆಯದು. ಆದರೆ 1873 ಎನ್ನುವುದು ಮಾದರಿಯ ಹೆಸರು, ಹುಟ್ಟಿದ ವರ್ಷವಲ್ಲ. ಹೆಚ್ಚುಕಡಿಮೆ ಅರ್ಧ ಶತಮಾನ ಇದೇ ಹೆಸರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಕೋವಿಗಳು ತಯಾರಾದವು.

ಇಂಥ ಕೋವಿಯ ಕಾಲ ತಿಳಿಯಲು ಬಲ್ಲವರು ನೋಡುವುದು ಅದರ ನೆತ್ತಿಯ ಮೇಲೆ ಜಾರುವ ದೂಳುಮುಚ್ಚಳವನ್ನು. ಮೊದಮೊದಲು ಅದು ಎರಡು ಪಕ್ಕದಲ್ಲಿ ಕೊರೆದ ತೋಡುಗಳಲ್ಲಿ ಸರಿಯುತ್ತಿತ್ತು. ಆಮೇಲೆ ನಡುವೆ ಹಳಿಯೊಂದು ಬಂತು, ಸ್ಕ್ರೂ ಹಾಕಿ ಬಿಗಿದದ್ದು. 1880ರ ದಶಕದಲ್ಲಿ ಸ್ಕ್ರೂ ಮಾಯವಾಗಿ, ಹಳಿ ಒಡಲಿನ ಜೊತೆಗೇ ಕಡೆದದ್ದಾಯಿತು. ಮುಂದೆ ಯಾರೋ ಇದನ್ನು ನೋಡಿ ಕಾಲ ಎಣಿಸಲಿ ಎಂದು ಕಾರ್ಖಾನೆಯವರು ಸ್ಕ್ರೂ ಬಿಟ್ಟವರಲ್ಲ. ಹೀಗೆಯೇ 1964ರಲ್ಲಿ ಅದೇ ಕಂಪನಿ ಖರ್ಚು ಉಳಿಸಲು ತನ್ನ ಇನ್ನೊಂದು ಕೋವಿಯಾದ 94ನೇ ಮಾದರಿಯ ಕೆಲವು ಭಾಗಗಳನ್ನು ಅಗ್ಗ ಮಾಡಿತು. ಇವತ್ತಿಗೂ ಕೊಳ್ಳಲು ಬಂದವರ ಮೊದಲ ಪ್ರಶ್ನೆ, ‘ಅರವತ್ನಾಲ್ಕಕ್ಕೆ ಮುಂಚಿನದೋ, ಆಮೇಲಿನದೋ?’ ಕಂಪನಿಯ ಜಿಪುಣತನಕ್ಕೆ ಇಷ್ಟು ದೀರ್ಘ ಆಯಸ್ಸು!

ನೆವಾಡದ ಕೋವಿಗೆ ಒಂದು ಅನುಕೂಲವಿತ್ತು. ಟ್ರಿಗರ್ ಹಿಂದಿನ ಪಟ್ಟಿಯ ಮೇಲೆ ಕ್ರಮಸಂಖ್ಯೆ ಉಳಿದಿತ್ತು. ವಯೋಮಿಂಗ್‌ನ ಕೋಡಿ ಊರಿನ ಮ್ಯೂಸಿಯಂನಲ್ಲಿರುವ ವಿಂಚೆಸ್ಟರ್ ದಫ್ತರ ತೆರೆದಾಗ ಹುಟ್ಟಿದ ವರ್ಷ 1882 ಎಂದು ತಿಳಿಯಿತು. ಆ ಒಂದು ವರ್ಷದಲ್ಲೇ 25,000ಕ್ಕಿಂತ ಹೆಚ್ಚು ತಯಾರಾಗಿದ್ದವು. 50 ಡಾಲರ್ ಇದ್ದ ಬೆಲೆ 25ಕ್ಕೆ ಇಳಿದಿತ್ತು. ಅಂದರೆ ನಮ್ಮ ಕೋವಿ ಸಾಮಾನ್ಯನ ಕೈಗೂ ಎಟುಕುವ ಸರಕು.

ಹುಟ್ಟಿದ್ದು ಗೊತ್ತಾಯಿತು, ಮರಕ್ಕೆ ಒರಗಿದ್ದು ಯಾವಾಗ? ಆಸ್ಪತ್ರೆಗೊಯ್ದು ಎಕ್ಸ್-ರೇ ತೆಗೆಸಿದರು, ಮನುಷ್ಯರಿಗೆ ತೆಗೆಸುವ ಹಾಗೇ. ಹಿಡಿಯೊಳಗಿನ ಪೊಟರೆಯಲ್ಲಿ, ನಳಿಗೆ ಒರೆಸುವ ಕಡ್ಡಿ ಇಡುವ ಜಾಗದಲ್ಲಿ, ಒಂದು ತೋಟಾ ಅಡಗಿತ್ತು. ಅದನ್ನು ಮಾಡಿದ್ದು 1887 ಮತ್ತು 1911ರ ನಡುವೆ. ಹಾಗಾದರೆ ಒಡೆಯ ಅಲ್ಲಿಗೆ ಬಂದದ್ದು 1887ಕ್ಕಿಂತ ಮೊದಲಂತೂ ಅಲ್ಲ.

ಅವನ ಹೆಸರು ಯಾವ ದಫ್ತರದಲ್ಲೂ ಸಿಗಲಿಲ್ಲ. ಕೋವಿಯನ್ನು ಅವನು ಬಿಸಾಡಿರಲಿಲ್ಲ. ಹೋಗಿ ಬರುತ್ತೇನೆ ಎನ್ನುವವನ ಹಾಗೆ ನೆಟ್ಟಗೆ ಒರಗಿಸಿಟ್ಟಿದ್ದ.