ಅರ್ಘವಿಚಾರ

ಸಂಸ್ಕೃತದ ‘ಅರ್ಘ’ ಎಂಬ ಶಬ್ದಕ್ಕೆ ಅಮರಕೋಶವು ಎರಡು ಅರ್ಥಗಳನ್ನು ಹೇಳುತ್ತದೆ. ಒಂದು ಬೆಲೆ, ಇನ್ನೊಂದು ಪೂಜಾವಿಧಿ. ಅಂಗಡಿಯಲ್ಲಿ ಪದಾರ್ಥಕ್ಕೆ ಕೊಡತಕ್ಕದ್ದೂ ಅರ್ಘ, ಮನೆಗೆ ಬಂದ ಪೂಜ್ಯರಿಗೆ ಸಲ್ಲಿಸತಕ್ಕ ಸತ್ಕಾರವೂ ಅರ್ಘ. ಎರಡು ಅರ್ಥಗಳೂ ಒಂದೇ ಶಬ್ದದಲ್ಲಿ ನೆಲೆಸಿರುವುದು ವಿಚಾರಕ್ಕೆ ಎಡೆಗೊಡುತ್ತದೆ. ಪದಾರ್ಥದಲ್ಲಿ ಎಷ್ಟು ಯೋಗ್ಯತೆಯುಂಟೋ ಅಷ್ಟಕ್ಕೆ ತಕ್ಕ ಹಣವನ್ನು ಕೊಟ್ಟು ತಂದು, ತಂದದ್ದನ್ನು ಗೌರವದಿಂದ ಬಳಸುವುದು ನ್ಯಾಯವಾದ ವ್ಯವಹಾರ. ಈ ಎರಡೂ ಜೊತೆಜೊತೆಯಾಗಿ ನಡೆಯುತ್ತಿರುವ ತನಕ ಯಾರೂ ಪ್ರಶ್ನೆಮಾಡುವುದಿಲ್ಲ. ಬೆಲೆಯು ಏರುತ್ತಾ ಯೋಗ್ಯತೆಯು ಇಳಿಯುತ್ತಾ ಬಂದರೆ, ತಪ್ಪು ಮಾರುವವನದೋ, ಕೊಳ್ಳುವವನದೋ, ಅಥವಾ ತಪ್ಪೆಂಬುದೇ ಅಲ್ಲಿ ಇಲ್ಲವೋ ಎಂಬ ಸಂಶಯವು ಹುಟ್ಟುತ್ತದೆ.

ಧಾನ್ಯ ವಸ್ತ್ರಾದಿಗಳಲ್ಲಿ ಈ ಪ್ರಶ್ನೆಯನ್ನು ಬಿಡಿಸುವುದು ಕಷ್ಟ. ಏತಕ್ಕೆಂದರೆ ಅಲ್ಲಿ ಹಸಿವು, ಚಳಿ, ಬಡತನ ಎಂಬ ಬೇರೆ ಬೇರೆ ಕಾರಣಗಳು ಬಂದು ಸೇರುತ್ತವೆ. ಆದಕಾರಣ ಪ್ರಾಣಧಾರಣೆಗೆ ಯಾವ ವಿಧದಲ್ಲಿಯೂ ಬೇಡವಾದ ಒಂದು ಪದಾರ್ಥವನ್ನು ತೆಗೆದುಕೊಂಡು ಪರೀಕ್ಷಿಸುವುದು ಉತ್ತಮ. ಇಂಗ್ಲೆಂಡಿನಲ್ಲಿ ಬೆಳೆದು ಅನೇಕ ದೇಶಗಳಿಗೆ ಹರಡಿರುವ, ಕಲ್ಪಿತಲೋಕದ ಬೊಂಬೆಪಡೆಗಳ ಯುದ್ಧದ ಆಟವು ಅಂತಹ ಒಂದು ನಿದರ್ಶನ.

ಈ ಆಟದ ಸ್ವರೂಪವೇನೆಂದರೆ: ಕಿರುಬೆರಳಿನಷ್ಟು ಎತ್ತರದ ಸೈನಿಕರ, ರಾಕ್ಷಸರ, ಕುಬ್ಜರ, ಘಟಸರ್ಪಗಳ ಬೊಂಬೆಗಳನ್ನು ಬಿಡಿ ಬಿಡಿ ಭಾಗಗಳಾಗಿ ಕೊಂಡುತಂದು, ಅಂಟಿನಿಂದ ಜೋಡಿಸಿ, ಸಣ್ಣ ಕುಂಚದಿಂದ ಒಂದೊಂದಕ್ಕೂ ಗಂಟೆಗಟ್ಟಲೆ ಬಣ್ಣ ಹಚ್ಚಿ ಸೇನೆಯನ್ನು ಸಿದ್ಧಪಡಿಸಬೇಕು. ಬಳಿಕ ಇಬ್ಬರು ಆಟಗಾರರು ದೊಡ್ಡ ಮೇಜಿನ ಮೇಲೆ ಗುಡ್ಡ, ಕಾಡು, ಪಾಳುಗೋಡೆಗಳನ್ನು ರಚಿಸಿ, ಅಳತೆಪಟ್ಟಿಯಿಂದ ನಡೆಯನ್ನು ಅಳೆದು, ದಾಳಗಳನ್ನೆಸೆದು ಯುದ್ಧವನ್ನು ನಡೆಸುವರು. ಚಿತ್ರಕಲೆ, ಕಥೆ, ಯುಕ್ತಿ, ಸ್ನೇಹ ಎಂಬ ನಾಲ್ಕು ಸಂತೋಷಗಳು ಇದರಲ್ಲಿ ಕೂಡಿವೆ.

ಇದರ ವಂಶವೃಕ್ಷದ ಬೇರು ಭಾರತದಲ್ಲಿಯೇ ಇದೆ. ಆನೆ, ಕುದುರೆ, ರಥ, ಪದಾತಿಗಳ ಚತುರಂಗವು ಪಾರಸೀಕರ ಮತ್ತು ಅರಬರ ಮೂಲಕ ಯೂರೋಪನ್ನು ಸೇರಿತು. 1780ರಲ್ಲಿ ಜರ್ಮನ್ ದೇಶದ ಬ್ರೌನ್‌ಷ್ವೈಗಿನ ಹೆಲ್ವಿಗ್ ಎಂಬಾತನು ಆ ಚತುರಂಗವನ್ನೇ ಬೆಳೆಸಿ ಯುದ್ಧದ ಆಟವೊಂದನ್ನು ರಚಿಸಿದನು. 1824ರಲ್ಲಿ ರೈಸ್‌ವಿಟ್ಸ್ ಎಂಬ ಅಧಿಕಾರಿಯು ನಕ್ಷೆಯ ಮೇಲೆ ಆಡತಕ್ಕ ಯುದ್ಧಕ್ರೀಡೆಯನ್ನು ಪ್ರಷ್ಯದ ಸೈನ್ಯಕ್ಕೆ ಒಪ್ಪಿಸಿದನು. 1913ರಲ್ಲಿ ಪ್ರಸಿದ್ಧ ಕಾದಂಬರಿಕಾರನಾದ ಎಚ್. ಜಿ. ವೆಲ್ಸನು ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು, ಮಕ್ಕಳ ಸೀಸದ ಸಿಪಾಯಿಗಳಿಂದ ದೊಡ್ಡವರೂ ಆಡಬಹುದಾದ ಕ್ರಮವನ್ನು ತೋರಿಸಿದನು. ಆ ಕಾಲಕ್ಕೆ ಅಂಥ ಸಿಪಾಯಿಗಳು ಹೇರಳವಾಗಿ ದೊರೆಯಲು ಒಂದು ಕಾರಣವಿತ್ತು. 1893ರಲ್ಲಿ ವಿಲಿಯಂ ಬ್ರಿಟನ್ನನ ಮನೆತನದವರು ಒಳಗೆ ಟೊಳ್ಳಾಗಿರುವಂತೆ ಬೊಂಬೆಯನ್ನು ಎರಕಹೊಯ್ಯುವ ಉಪಾಯವನ್ನು ಕಂಡುಹಿಡಿದಿದ್ದರು. ಲೋಹದ ಖರ್ಚು ತಗ್ಗಿತು, ಬೆಲೆಯೂ ಇಳಿಯಿತು. ಬೊಂಬೆಯು ಅಗ್ಗವಾದುದರಿಂದ ಆಟದ ಗೌರವವು ಕುಂದಲಿಲ್ಲ. ಹೆಚ್ಚು ಮನೆಗಳನ್ನು ಹೊಕ್ಕು ಹೆಚ್ಚಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಕಲ್ಪಿತಲೋಕದ ಯುದ್ಧಕ್ಕೆ ಇಂದು ಎಲ್ಲರಿಗಿಂತ ದೊಡ್ಡ ವರ್ತಕರು ನಾಟಿಂಗ್‌ಹ್ಯಾಮ್ ನಗರದ ಗೇಮ್ಸ್ ವರ್ಕ್‌ಷಾಪ್ ಎಂಬ ಸಂಸ್ಥೆಯವರು. ಮೂವರು ಮಿತ್ರರು ಅದನ್ನು 1975ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದರು. 1983ರಲ್ಲಿ ‘ವಾರ್‌ಹ್ಯಾಮರ್’ ಎಂಬ ಆಟವೂ, 1987ರಲ್ಲಿ ಬಹುದೂರದ ಭವಿಷ್ಯತ್ಕಾಲದಲ್ಲಿ ನಡೆಯುವಂತೆ ಕಲ್ಪಿಸಿದ ಅದರ ಸೋದರ ಆಟವೂ ಹೊರಬಂದವು. ಮೊದಲಿನ ಆಟವು ಹುಟ್ಟಿದ್ದರಲ್ಲಿಯೇ ವ್ಯಾಪಾರದ ಉದ್ದೇಶವೂ ಇತ್ತೆಂಬುದನ್ನು ಮರೆಮಾಚುವಂತಿಲ್ಲ. ಕಥಾರೂಪದ ಆಟಗಳನ್ನಾಡುವವರಿಗೆ ಐದಾರು ಬೊಂಬೆಗಳು ಸಾಕಾಗುತ್ತಿದ್ದವು. ಸೇನೆಗಳ ಆಟವಾದರೆ ನೂರಾರು ಬೇಕು. ಆದರೂ ಆ ಮೊದಲಿನ ದಿನಗಳಲ್ಲಿ ವರ್ತಕನ ಲಾಭವೂ ಆಟಗಾರನ ಸಂತೋಷವೂ ಒಂದೇ ಗಾಡಿಗೆ ಹೂಡಿದ ಎತ್ತುಗಳಂತೆ ಸಾಗಿದವು. ಬಿಸಾಡಬೇಕಾದ ಸುಗಂಧದ್ರವ್ಯದ ಡಬ್ಬಿಯಿಂದ ಯುದ್ಧವಾಹನವನ್ನು ಮಾಡಿಕೊಳ್ಳುವ ಬಗೆಯನ್ನು ಆ ಕಾಲದ ಪ್ರಕಟನೆಗಳೇ ಓದುಗರಿಗೆ ತೋರಿಸಿಕೊಟ್ಟಿದ್ದವು. ಹಣವಿಲ್ಲದ ಹುಡುಗನಿಗೂ ಆ ಮನೆಯಲ್ಲಿ ಒಂದು ಮಣೆಯಿತ್ತು.

ಇನ್ನು ಬೆಲೆಯ ಲೆಕ್ಕ. 1987ರಲ್ಲಿ ಭವಿಷ್ಯಯುದ್ಧದ 30 ಪ್ಲಾಸ್ಟಿಕ್ ಯೋಧರ ಪೆಟ್ಟಿಗೆಯನ್ನು 9 ಪೌಂಡು 95 ಪೆನ್ನಿಗಳಿಗೆ ಮಾರುತ್ತಿದ್ದರು. ಅಂದರೆ ಒಬ್ಬ ಯೋಧನಿಗೆ ಸುಮಾರು 33 ಪೆನ್ನಿ. 2017ರಲ್ಲಿ ಅದೇ ಕುಲದ ಹೊಸ ಯೋಧರು ಹತ್ತು ಜನರಿಗೆ 35 ಪೌಂಡು, ಒಬ್ಬನಿಗೆ ಮೂರೂವರೆ ಪೌಂಡು. ಈ ಮೂವತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಸಾಮಾನ್ಯ ಬೆಲೆಗಳು ಏರಿದ್ದು ಮೂರು ಪಟ್ಟಿಗಿಂತ ಕಡಿಮೆ. ಈ ಬೊಂಬೆಯದು ಹತ್ತು ಪಟ್ಟಿಗಿಂತ ಹೆಚ್ಚು. 2011ರಲ್ಲಿ ಸಂಸ್ಥೆಯವರು ಅನೇಕ ಲೋಹದ ಬೊಂಬೆಗಳನ್ನು ರಾಳದಂಥ ಹಗುರವಾದ ದ್ರವ್ಯಕ್ಕೆ ಬದಲಾಯಿಸಿದರು. ಆ ಸಂದರ್ಭದಲ್ಲಿ ಬೆಲೆಯೂ ಏರಿತು. ಬೊಂಬೆಯಲ್ಲಿ ಗಾಳಿಗುಳ್ಳೆಗಳಿವೆ, ಕತ್ತಿಗಳು ಬಾಗಿವೆ ಎಂಬ ದೂರೂ ಎದ್ದಿತು.

ಇಲ್ಲಿ ವರ್ತಕನ ಪಕ್ಷವನ್ನು ಪೂರ್ಣವಾಗಿ ಕೇಳುವುದು ನ್ಯಾಯ. ಅವನು ಹೇಳುವುದೇನೆಂದರೆ: “ಇದು ಅಕ್ಕಿಯಲ್ಲ, ಉಪ್ಪಲ್ಲ, ಬೇಡವಾದವನು ಕೊಳ್ಳದಿರಲಿ. ಹೊಸ ಬೊಂಬೆಯು ಹಳೆಯದಕ್ಕಿಂತ ದೊಡ್ಡದು, ನಯವಾದದ್ದು. ಉಕ್ಕಿನಲ್ಲಿ ಅದರ ಅಚ್ಚನ್ನು ಕೊರೆಯಲು ಬಹಳ ಹಣ ತಗಲುತ್ತದೆ. ಕಾರ್ಖಾನೆಯನ್ನು ಕೂಲಿ ಅಗ್ಗವಾದ ಪರದೇಶಕ್ಕೆ ಒಯ್ಯದೆ ನಾಟಿಂಗ್‌ಹ್ಯಾಮಿನಲ್ಲಿಯೇ ಇರಿಸಿ, ಲಾಭದಲ್ಲಿ ಒಂದಂಶವನ್ನು ನೌಕರರಿಗೂ ಹಂಚಿದ್ದೇವೆ. ಜನರು ಸಂತೋಷದಿಂದ ಕೊಡುವ ಬೆಲೆಯೇ ಸರಿಯಾದ ಬೆಲೆ.” ಈ ಮಾತುಗಳಲ್ಲಿ ಸುಳ್ಳಿಲ್ಲ. 2024ರ ಜೂನ್ ಆರಂಭದಲ್ಲಿ ಮುಗಿದ ವರ್ಷದಲ್ಲಿ ಸಂಸ್ಥೆಯ ಲಾಭವು ತೆರಿಗೆಗೆ ಮುಂಚೆ 20 ಕೋಟಿ ಪೌಂಡುಗಳನ್ನು ಮೀರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ ಷೇರುಪೇಟೆಯ ನೂರು ಅಗ್ರ ಸಂಸ್ಥೆಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಕೊಳ್ಳುವವರಿಲ್ಲದೆ ಇದು ಆಗುವುದುಂಟೇ?

ಹಾಗಾದರೆ ದೋಷವೆಲ್ಲಿ? ಪುನಃ ಚತುರಂಗವನ್ನು ನೋಡಬೇಕು. ಚತುರಂಗದ ಕಾಯಿಗಳು ದಂತದವಾಗಿರಬಹುದು, ಮರದವಾಗಿರಬಹುದು. ಒಂದು ಪದಾತಿ ಕಳೆದುಹೋದರೆ ಅದರ ಮನೆಯಲ್ಲಿ ಹುಣಿಸೆಬೀಜವನ್ನಿಟ್ಟು ಆಡಿದರೂ ಆಟಕ್ಕೆ ಊನವಿಲ್ಲ. ದಂತದ ಬೆಲೆ ನೂರು ಪಟ್ಟು ಏರಿದರೂ ಆಟಗಾರನಿಗೆ ಚಿಂತೆಯಿಲ್ಲ. ಏಕೆಂದರೆ ಚತುರಂಗದ ನಿಯಮವು ಯಾವ ವರ್ತಕನ ಸ್ವತ್ತೂ ಅಲ್ಲ. ಕಾಯಿಯನ್ನು ಮಾರುವವನು ಕುದುರೆಯ ನಡೆಯನ್ನು ಬದಲಾಯಿಸಲಾರನು. ಬೊಂಬೆಪಡೆಯ ಆಟದಲ್ಲಾದರೋ ನಿಯಮವನ್ನು ಬರೆಯುವ ಕೈಯೂ ಬೊಂಬೆಯನ್ನು ಮಾರುವ ಕೈಯೂ ಒಂದೇ. ಧರ್ಮಾಧಿಕಾರಿಯೇ ತಕ್ಕಡಿ ಹಿಡಿದು ಕುಳಿತರೆ, ಅವನು ಎಷ್ಟೇ ಸಜ್ಜನನಾಗಿದ್ದರೂ, ತೀರ್ಪು ತಕ್ಕಡಿಯ ಕಡೆಗೆ ವಾಲದಿರುವುದು ಕಷ್ಟ.

ವಾಲಿದ್ದಕ್ಕೆ ನಿದರ್ಶನಗಳುಂಟು. 2010ರಲ್ಲಿ ಬಂದ ವಾರ್‌ಹ್ಯಾಮರಿನ ಎಂಟನೆಯ ಆವೃತ್ತಿಯು, ಒಂದು ಸಾಲಿನಲ್ಲಿ ಹತ್ತು ಮಂದಿಯಿರುವ ದೊಡ್ಡ ಗುಂಪುಗಳಿಗೆ ಹೆಚ್ಚಿನ ಹೊಡೆತದ ಅನುಕೂಲವನ್ನು ಕೊಟ್ಟಿತು. ಮೊದಲು ಇಪ್ಪತ್ತು ಸೈನಿಕರಿಂದ ತೃಪ್ತನಾಗಿದ್ದವನು ನಲವತ್ತನ್ನು ಹೊಂದಿಸಬೇಕಾಯಿತು. ಹೊಸದಾಗಿ ಆಟ ಕಲಿಯಬೇಕೆಂದವನು ಆ ಖರ್ಚನ್ನೂ ಶ್ರಮವನ್ನೂ ನೋಡಿ ಬಾಗಿಲಲ್ಲಿಯೇ ಹಿಂದಿರುಗುವುದು ಸಹಜ. 2015ರಲ್ಲಿ ಸಂಸ್ಥೆಯು ಆ ಆಟವನ್ನೇ ನಿಲ್ಲಿಸಿ, ಅದರ ಲೋಕವು ಪ್ರಳಯದಲ್ಲಿ ನಾಶವಾಯಿತೆಂದು ಕಥೆ ಹೇಳಿ, ಬೇರೊಂದು ಆಟವನ್ನು ಹೊರತಂದಿತು. ಹಳೆಯ ಸೇನೆಗಳನ್ನು ಬಳಸಲು ಆಗ ಉಚಿತವಾದ ನಿಯಮಗಳನ್ನು ಕೊಟ್ಟರೆಂಬುದು ನಿಜ. ಆದರೆ ಬ್ರಿಟೋನಿಯದ ಅಶ್ವಾರೋಹಿಗಳು, ಮರುಭೂಮಿಯ ಪ್ರೇತರಾಜರು ಮೊದಲಾದ ಕೆಲವು ಪಡೆಗಳು ಕ್ರಮೇಣ ಮಾರಾಟದಿಂದಲೇ ಮಾಯವಾದವು. ಪುನಃ 2024ರ ಜನವರಿಯಲ್ಲಿ ಹಳೆಯ ಲೋಕವು ಹೊಸ ಹೆಸರಿನಿಂದ ಮರಳಿತು; ಅದೇ ಅಶ್ವಾರೋಹಿಗಳಲ್ಲಿ ಹಳೆಯ ಅಚ್ಚಿನವೇ ಆದ ಕೆಲವರು ಹೊಸ ಪೆಟ್ಟಿಗೆಗಳಲ್ಲಿ ಅಂಗಡಿಗೆ ಬಂದರು.

ಇದರಿಂದ ಯೋಗ್ಯತೆಯು ಹೇಗೆ ಇಳಿಯಿತೆಂಬುದನ್ನು ತಿಳಿಯಬೇಕಾದರೆ, ಬೊಂಬೆಯ ಯೋಗ್ಯತೆಯು ಎಲ್ಲಿಂದ ಬರುತ್ತದೆಂದು ವಿಚಾರಿಸಬೇಕು. ಅದಕ್ಕೆ ಮೂರು ಮೂಲಗಳು. ಮೊದಲನೆಯದು, ಕೈಯ ದುಡಿಮೆ. ಬಣ್ಣ ಹಚ್ಚಿದವನು ಬೊಂಬೆಗೆ ತನ್ನ ಸಂಜೆಗಳನ್ನು ಅರ್ಪಿಸಿರುತ್ತಾನೆ. ಇದೇ ಅರ್ಘದ ಎರಡನೆಯ ಅರ್ಥ. ಎರಡನೆಯದು, ಜೊತೆಗಾರ. ಎದುರಾಳಿಯಿಲ್ಲದವನ ಸೇನೆಯು ಕಪಾಟಿನ ಅಲಂಕಾರವಷ್ಟೆ. ಮೂರನೆಯದು, ಸ್ಥಿರತೆ. ಇಂದು ಸಿದ್ಧಮಾಡಿದ್ದು ಹತ್ತು ವರ್ಷಗಳ ಮೇಲೂ ಆಟಕ್ಕೆ ಬರುವುದೆಂಬ ಭರವಸೆಯಿಂದಲೇ ಮನುಷ್ಯನು ಒಂದು ಕೆಲಸದಲ್ಲಿ ತಾಳ್ಮೆಯನ್ನಿಡುತ್ತಾನೆ. ಈ ಮೂರರಲ್ಲಿ ಒಂದೂ ಪೆಟ್ಟಿಗೆಯೊಳಗೆ ಬರುವುದಿಲ್ಲ. ವರ್ತಕನು ಮಾರುವುದು ಯೋಗ್ಯತೆಯ ಬೀಜವನ್ನು ಮಾತ್ರ. ಬೆಳೆಯನ್ನು ಬೆಳೆಯುವವರು ಆಟಗಾರರು.

ಬೆಲೆಯ ಏರಿಕೆಯು ಬೆಳೆಯನ್ನು ಕೆಡಿಸುವ ರೀತಿ ಸೂಕ್ಷ್ಮವಾದದ್ದು. ಒಂದು ಊರಿನಲ್ಲಿ ಎಂಟು ಮಂದಿ ಸೇರಿ ಆಡುತ್ತಿದ್ದರೆಂದು ಭಾವಿಸೋಣ. ಬೆಲೆ ಏರಿದಾಗ ಅವರಲ್ಲಿ ವಿದ್ಯಾರ್ಥಿಯೊಬ್ಬನೂ, ಕೆಲಸ ಕಳೆದುಕೊಂಡವನೊಬ್ಬನೂ, ಸಂಸಾರ ದೊಡ್ಡದಾದವನೊಬ್ಬನೂ ಮೆಲ್ಲಗೆ ಬರುವುದನ್ನು ನಿಲ್ಲಿಸುತ್ತಾರೆ. ಉಳಿದ ಐವರು ಹಣವಂತರು. ಅವರು ಕೊಡುವ ಹೆಚ್ಚಿನ ಹಣದಿಂದ ವರ್ತಕನ ಲೆಕ್ಕವು ತುಂಬಿಯೇ ಇರುತ್ತದೆ. ಆದರೆ ಆ ಐವರ ಸೇನೆಗಳಿಗೆ ಮೂವರು ಎದುರಾಳಿಗಳು ಕಡಿಮೆಯಾದರು. ಹೆಚ್ಚು ಕೊಟ್ಟವನಿಗೇ ಕಡಿಮೆ ದೊರೆಯಿತು! ಈ ನಷ್ಟವು ಯಾವ ಜಮಾಖರ್ಚಿನ ಪುಸ್ತಕದಲ್ಲಿಯೂ ಬರೆಯಲ್ಪಡುವುದಿಲ್ಲ. ಆದಕಾರಣ ಅದು ನಷ್ಟವೆಂದು ವರ್ತಕನಿಗೆ ತೋರುವುದೂ ಇಲ್ಲ.

ಕೊಳ್ಳುವವನೂ ನಿರ್ದೋಷಿಯಲ್ಲ. ಆಡುವ ಆಸೆಯು ಕೂಡಿಡುವ ಆಸೆಯಾಗಿ ತಿರುಗುವುದು ಬಹು ಬೇಗ. ಬಣ್ಣ ಕಾಣದೆ, ಬಿಚ್ಚದೆ ಮಂಚದ ಕೆಳಗೆ ರಾಶಿಬಿದ್ದ ಪೆಟ್ಟಿಗೆಗಳನ್ನು ಆ ದೇಶದ ಆಟಗಾರರು ತಾವೇ ‘ನಾಚಿಕೆಯ ರಾಶಿ’ ಎಂದು ಕರೆದುಕೊಳ್ಳುತ್ತಾರೆ. ತನ್ನ ಕೈಯಿಂದ ಒಂದು ಸಂಜೆಯನ್ನೂ ಕೊಡದೆ ಹಣವನ್ನು ಮಾತ್ರ ಕೊಟ್ಟವನು ಬೆಲೆಯೆಂಬ ಅರ್ಘವನ್ನು ಸಲ್ಲಿಸಿ ಪೂಜೆಯೆಂಬ ಅರ್ಘವನ್ನು ಉಳಿಸಿಕೊಂಡಂತಾಯಿತು. ಹೊಸದು ಬಂದೊಡನೆ ಕೊಳ್ಳುವೆನೆಂದು ಬಾಗಿಲಲ್ಲಿ ನಿಲ್ಲುವವನೇ ಬೆಲೆ ಏರಿಸುವವನಿಗೆ ಧೈರ್ಯ ಕೊಡುತ್ತಾನೆ. ಆಮೇಲೆ ದುಬಾರಿಯೆಂದು ದೂರುವುದೂ ಅವನೇ.

ಇದಕ್ಕೆ ಪರಿಹಾರವನ್ನು ಕೆಲವರು ತಾವಾಗಿಯೇ ಕಂಡುಕೊಂಡಿದ್ದಾರೆ. 1980ರ ದಶಕದ ಹಳೆಯ ನಿಯಮಗಳನ್ನೇ ಹಿಡಿದು, ಹಳೆಯ ಬೊಂಬೆಗಳಿಂದ ಆಡುವ ಬಳಗಗಳು ಹುಟ್ಟಿವೆ. ಯಾರ ಬೊಂಬೆಯನ್ನಾದರೂ ಇಟ್ಟು ಆಡಲು ಎಡೆಕೊಡುವ ಬೇರೆಯವರ ಆಟಗಳೂ ಬಂದಿವೆ. ಮನೆಯ ಯಂತ್ರದಲ್ಲಿಯೇ ಬೊಂಬೆಯನ್ನು ಮುದ್ರಿಸಿಕೊಳ್ಳುವವರೂ ಇದ್ದಾರೆ. ವರ್ತಕನು ಪ್ರಳಯವಾಯಿತೆಂದು ಸಾರಿದ ಲೋಕವನ್ನು ಅನೇಕರು ತಮ್ಮ ಊಟದ ಮೇಜಿನ ಮೇಲೆ ಉಳಿಸಿಕೊಂಡೇ ಇದ್ದರು. ಆಟವು ಯಾರ ಸೊತ್ತು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವು ಬೇಕಾಗಿಲ್ಲ.

ಹೀಗೆ ವಿಚಾರಮಾಡಿದರೆ ಸಿದ್ಧಾಂತವು ಇಷ್ಟಾಗುತ್ತದೆ. ಹೆಚ್ಚಿನ ಬೆಲೆಯನ್ನು ಕೇಳುವುದು ತಾನಾಗಿ ಅಧರ್ಮವಲ್ಲ; ಅಕ್ಕಸಾಲಿಯ ಒಳ್ಳೆಯ ಕೆಲಸಕ್ಕೆ ಹೆಚ್ಚು ಕೂಲಿ ಸಲ್ಲುವುದು ಲೋಕಸಮ್ಮತ. ಆದರೆ ಯಾವ ಪದಾರ್ಥದ ಯೋಗ್ಯತೆಯನ್ನು ಕೊಂಡವರ ದುಡಿಮೆಯೂ ಸ್ನೇಹವೂ ಸೇರಿ ಬೆಳೆಸುತ್ತವೆಯೋ, ಅಂಥ ಪದಾರ್ಥವನ್ನು ಮಾರುವವನಿಗೆ ಒಂದು ಹೆಚ್ಚಿನ ಋಣವುಂಟು. ಅವರು ಮಾಡಿದ್ದನ್ನು ಅವನು ವ್ಯರ್ಥಮಾಡಬಾರದು. ಅವರ ಬಳಗವನ್ನು ತೆಳುವಾಗಿಸಬಾರದು. ಆ ಋಣವನ್ನು ಮರೆತವನು ಬಿತ್ತನೆಯ ಬತ್ತವನ್ನು ಕುಟ್ಟಿಸಿ ಅನ್ನಮಾಡಿ ಬಡಿಸಿದಂತೆ. ಆ ವರ್ಷದ ಊಟವೇನೋ ಸಮೃದ್ಧವಾಗಿಯೇ ಇರುತ್ತದೆ. ವರ್ತಕನಿಗೆ ಇಂದಿಗೂ ನಷ್ಟವಾಗಿಲ್ಲವಲ್ಲ ಎಂದು ಕೇಳುವವರು ಲೆಕ್ಕವನ್ನು ಕೇಳುತ್ತಾರೆ, ಧರ್ಮವನ್ನು ಕೇಳುವುದಿಲ್ಲ.

ಕೊಳ್ಳುವವನಿಗೂ ಒಂದು ಮಾತು ಉಳಿದಿದೆ. ಬೆಲೆಯನ್ನು ಕಟ್ಟುವುದು ಅವನ ಕೈಯಲ್ಲಿಲ್ಲ. ಗೌರವವನ್ನು ಸಲ್ಲಿಸುವುದು ಅವನ ಕೈಯಲ್ಲಿಯೇ ಇದೆ. ಮೂವತ್ತು ಪೆನ್ನಿಯ ಹಳೆಯ ಬೊಂಬೆಗೆ ಶ್ರದ್ಧೆಯಿಂದ ಬಣ್ಣ ಹಚ್ಚಿ, ನೆರೆಮನೆಯ ಹುಡುಗನಿಗೆ ಅರ್ಧ ಸೇನೆಯನ್ನು ಎರವಲು ಕೊಟ್ಟು, ಅವನನ್ನು ಎದುರಿಗೆ ಕೂರಿಸಿಕೊಂಡು ಆಡುವವನ ಮೇಜಿನ ಮೇಲೆ ಅರ್ಘವೆಂಬ ಶಬ್ದವು ತನ್ನ ಎರಡು ಅರ್ಥಗಳನ್ನೂ ಮರಳಿ ಪಡೆಯುತ್ತದೆ.