ಮಣ್ಣಿನ ಪಾತ್ರೆಯಲ್ಲಿ ಕ್ರಯಪತ್ರ

ಯೆರೆಮೀಯ 32 ತೆಗೀರಿ. ಅನಾತೋತಿನ ಹೊಲ ಮಾರಿದವನು ಹೊರಗಿನವನಲ್ಲ, ಚಿಕ್ಕಪ್ಪನ ಮಗ ಹನಮೇಲ. ಕೊಂಡುಕೊಳ್ಳಬೇಕೆಂದು ತಿಳಿಸಿದವನು ಕರ್ತನೇ. ಆದರೂ ಪ್ರವಾದಿ 17 ಶೆಕೆಲ್ ಬೆಳ್ಳಿಯನ್ನು ತೂಗಿಯೇ ಕೊಟ್ಟ, ಸಾಕ್ಷಿಗಳಿಂದ ರುಜು ಹಾಕಿಸಿದ, ಪತ್ರಗಳನ್ನು ಬಾರೂಕನ ಕೈಲಿ ಮಣ್ಣಿನ ಪಾತ್ರೆಯಲ್ಲಿ ಇಡಿಸಿದ.

ಬೆಂಗಳೂರಲ್ಲಿ ದುಡಿದು ಕುರುಡುಮಲೆ ಕಡೆ ಮೊದಲ ಮನೆ ನೋಡ್ತಿರೋ ಸಹೋದರ ಸಹೋದರಿಯರು ನನ್ನ ಹತ್ರ ಹೇಳ್ತಾರೆ: "ಮಾರೋರು ವಿಶ್ವಾಸಿಗಳು ಪಾಸ್ಟರ್, ಕಾಗದ ಕೇಳಿದ್ರೆ ಬೇಜಾರಾಗ್ತಾರೆ." ಆಗ್ಲಿ, ಕೇಳಿ! ಅಡ್ವಾನ್ಸ್ ಕೊಡೋ ಮುಂಚೆ ಪಂಚಾಯಿತಿಯ ಇ-ಸ್ವತ್ತು ನಮೂನೆ 9, 11 ನೋಡಿ. ಕಾವೇರಿ ತಂತ್ರಾಂಶದಲ್ಲಿ ಇಸಿ ತೆಗೆಸಿ, ಮೂಲಪತ್ರ ವಕೀಲರಿಗೆ ತೋರಿಸಿ. ಲೂಕ 14ರಲ್ಲಿ ಗೋಪುರ ಕಟ್ಟೋನ ಹಾಗೆ ಕೂತು, ಕಂತು ಕಟ್ಟಿದ ಮೇಲೆ ಮನೆಗೆ ಅಕ್ಕಿ ಉಳಿಯುತ್ತಾ ಲೆಕ್ಕ ಹಾಕಿ.

ಈ ವಾರ ಅಡ್ವಾನ್ಸ್ ಕೊಡೋಕೆ ಹೊರಟವರು ಆರಾಧನೆ ಮುಗಿದ ಮೇಲೆ ಪತ್ರ ಸಮೇತ ಬನ್ನಿ. ಪ್ರಾರ್ಥಿಸಿ, ಒಟ್ಟಿಗೇ ಓದೋಣ.